ಮುಂದಿನ ಸೈಕಲ್ಲಿನ ಕೈ

ಶಶಿಧರನನ್ನು ಬೀಳಿಸಿದ್ದು ಹುರುಳಿ. ನಮ್ಮ ಸೈಕಲ್ ಗುಂಪಿನಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ. ಗುಂಪಿನ ಹಿರಿಯರಾದ ಮಹೇಶಣ್ಣ, ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವರು, ಈ ಕಥೆಯನ್ನು ಈಗ ಎಷ್ಟು ಪಳಗಿಸಿಕೊಂಡಿದ್ದಾರೆಂದರೆ, ಹೊಸಬರು ಯಾರಾದರೂ ಬಂದ ಮೊದಲ ಭಾನುವಾರವೇ, ಕುಣಿಗಲ್ಲಿನಲ್ಲಿ ತಟ್ಟೆ ಇಡ್ಲಿ ಮೇಜಿಗೆ ಬರುವುದರೊಳಗೆ, ಶಶಿ ಬಿದ್ದು ಆಸ್ಪತ್ರೆ ಸೇರಿ ಕೈಗೆ ಪಟ್ಟಿ ಹಾಕಿಸಿಕೊಂಡಾಗಿರುತ್ತದೆ.

"ರೋಡ್ ತುಂಬಾ ಹುರುಳಿ ಹಾಸ್ಬಿಟ್ಟಿದ್ರು ಕಣ್ರೀ. ಜನ ಓಡಾಡೋ ಜಾಗ ಅನ್ನೋ ಗ್ಯಾನನೇ ಇಲ್ಲ. ಬಳ್ಳಿ ಗೇರಿಗೆ ಸುತ್ಕೊಂಡ್ತು, ಚಕ್ರ ಹಿಡ್ಕೊಂಡ್ತು, ಹುಡ್ಗ ಎಗರಿ ಬಿದ್ದ. ಒಂದೇ ಒಂದು ವಾರ್ನಿಂಗ್ ಇಲ್ಲ!"

ಕೇಳಿದವರು ಲೊಚಗುಟ್ಟುತ್ತಾರೆ. ಚಟ್ನಿ ಬರುತ್ತದೆ. ಮಾತು ಟೈರಿನ ಗಾಳಿಯ ಕಡೆಗೆ ತಿರುಗುತ್ತದೆ.

ಹೈಸ್ಕೂಲಿನಿಂದ ಲಾ ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ಮೈಕಿನ ಮುಂದೆ ನಿಂತು ಬೆಳೆದವಳು ನಾನು. ಯಾರಾದರೂ ಒಂದು ಮಾತನ್ನು ತುಂಬಾ ಸಲೀಸಾಗಿ ಹೇಳಿದರೆ ಅದರಲ್ಲಿ ಎಲ್ಲೋ ಬಿರುಕಿದೆ ಎಂದು ಹುಡುಕುವ ಚಟ. ಮನೆಯಲ್ಲಿ ಈ ಚಟಕ್ಕೆ ಒಳ್ಳೆಯ ಹೆಸರಿಲ್ಲ. ಮಹೇಶಣ್ಣನ ಕಥೆಯ ಮೇಲೆ ನನಗೆ ಹಲವು ತಕರಾರುಗಳಿವೆ. ಹುರುಳಿ ರಸ್ತೆ ತುಂಬಾ ಇರಲಿಲ್ಲ, ಅರ್ಧ ರಸ್ತೆಗಿತ್ತು. ಅಂಚಿಗೆ ಸಾಲಾಗಿ ಕಲ್ಲಿಟ್ಟಿದ್ದರು. ಬೆಳಗಿನ ಒಂಬತ್ತರ ಬಿಸಿಲಿನಲ್ಲಿ ನೂರು ಮಾರು ದೂರದಿಂದ ಎದ್ದು ಕಾಣುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮಹೇಶಣ್ಣ ಆಗ ಅಲ್ಲಿರಲೇ ಇಲ್ಲ. ಪಂಕ್ಚರ್ ಆದ ಯಾರದೋ ಸೈಕಲ್ಲಿನ ಜೊತೆ ಉಳಿದವರೆಲ್ಲ ಐದಾರು ಕಿಲೋಮೀಟರ್ ಹಿಂದೆ ನಿಂತಿದ್ದರು. ಅಲ್ಲಿದ್ದವರು ಇಬ್ಬರೇ. ಶಶಿ, ಅವನ ಮುಂದೆ ನಾನು.

ಹಾಗಾದರೆ ಈ ಕಥೆಯನ್ನು ಮಹೇಶಣ್ಣನಿಗೆ ಹೇಳಿದವರು ಯಾರು? ಆ ತಕರಾರನ್ನು ಇಷ್ಟು ದಿನ ಇಡ್ಲಿಯ ಮೇಜಿನ ಮೇಲೆ ನಾನು ಇಟ್ಟಿಲ್ಲ. ಇಲ್ಲಿ ಇಡುತ್ತೇನೆ. ಆದರೆ ಸ್ವಲ್ಪ ಸುತ್ತಿ ಬರಬೇಕು. ನೆಟ್ಟಗೆ ಹೋಗುವುದಾಗಿದ್ದರೆ ನಾವು ಬಸ್ಸನ್ನೇ ಹತ್ತುತ್ತಿದ್ದೆವು.

ನಮ್ಮ ಭಾನುವಾರದ ದಾರಿ ತ್ರಿಕೋನದ್ದು. ತುಮಕೂರಿನಿಂದ ಗುಬ್ಬಿ. ಗುಬ್ಬಿಯಲ್ಲಿ ಕಾಫಿ ಕುಡಿದು ಎಡಕ್ಕೆ ಹೊರಳಿ ಒಳರಸ್ತೆಗಳನ್ನು ಹಿಡಿದು ಕುಣಿಗಲ್. ಅಲ್ಲಿಂದ ಗೂಳೂರಿನ ಮೇಲೆ ಮನೆಗೆ. ಮೊದಲ ಭಾಗದ್ದು ಹೆದ್ದಾರಿ, ಕೊಬ್ಬರಿ ತುಂಬಿದ ಲಾರಿಗಳ ಹಿಂದೆ ಉಸಿರು ಬಿಗಿಹಿಡಿದು ಮುಗಿಸಬೇಕು. ಗುಬ್ಬಿ ದಾಟಿದ ಮೇಲಿನದ್ದೇ ನಿಜವಾದ ದಾರಿ. ತೆಂಗಿನ ತೋಟದ ನೆರಳು, ಅದು ಮುಗಿದರೆ ರಾಗಿ ಕೊಯ್ದ ಹೊಲದ ಬಿಸಿಲು, ಮತ್ತೆ ನೆರಳು. ಕೆರೆ ಏರಿಯ ಮೇಲೆ ಹತ್ತುವುದು, ಕೋಡಿಯ ಹತ್ತಿರ ಇಳಿಯುವುದು. ಒಂದು ಊರು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಊರಿನ ಹಾಲಿನ ಡೈರಿ. ಇದನ್ನು ಬಯಲುಸೀಮೆ ಎಂದು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಓದಿ ಐದು ಅಂಕ ಪಡೆದಿದ್ದೆ. ಪುಸ್ತಕ ಬರೆದವರು ಕಾರಿನಲ್ಲಿ ಬಂದಿರಬೇಕು. ಈ ನೆಲ ಒಂದು ಫರ್ಲಾಂಗೂ ಸುಮ್ಮನೆ ಮಲಗುವುದಿಲ್ಲ. ದಿಣ್ಣೆ, ತಗ್ಗು, ಮತ್ತೆ ದಿಣ್ಣೆ. ಸೈಕಲ್ ಹತ್ತಿದ ಮೇಲೆ ನನ್ನ ತೊಡೆಗಳು ಆ ಐದು ಅಂಕವನ್ನು ವಾಪಸ್ ಕೊಟ್ಟವು.

ಇಂಥ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು, ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಹೋಗುತ್ತೇವೆ. ಮುಂದಿನವರು ಗಾಳಿ ಸೀಳಿದರೆ ಹಿಂದಿನವರಿಗೆ ಗಾಳಿಮರೆ ಸಿಗುತ್ತದೆ, ಅರ್ಧ ಶ್ರಮ ಉಳಿಯುತ್ತದೆ. ಆ ಅರ್ಧ ಶ್ರಮಕ್ಕೆ ಬದಲಾಗಿ ಹಿಂದಿನವರು ಒಂದನ್ನು ಕೊಡಬೇಕು. ಮುಂದಿನ ರಸ್ತೆ ಅವರಿಗೆ ಕಾಣುವುದಿಲ್ಲ. ಕಾಣುವುದು ಒಂದು ಬೆನ್ನು, ಒಂದು ಚಕ್ರ. ಅದಕ್ಕೇ ಮುಂದೆ ಇರುವವರು ಕೈ ಸನ್ನೆ ಮಾಡುತ್ತಾರೆ. ಎಡಕ್ಕೆ ಗುಂಡಿಯಿದ್ದರೆ ಎಡಗೈ ಕೆಳಗಿಳಿಸಿ ಬೆರಳು ತೋರುತ್ತಾರೆ. ಜಲ್ಲಿ ಇದ್ದರೆ ಅಂಗೈ ಅಲ್ಲಾಡಿಸುತ್ತಾರೆ. ನಿಲ್ಲಬೇಕಿದ್ದರೆ ಮುಷ್ಟಿ. ಯಾವ ಕಾನೂನಿನ ಪುಸ್ತಕದಲ್ಲೂ ಇದು ಬರೆದಿಲ್ಲ. ಆದರೆ ಗುಂಪಿಗೆ ಸೇರಿದ ದಿನ ಮಹೇಶಣ್ಣ ಎಲ್ಲರಿಗೂ ಹೇಳುವ ಮೊದಲ ಪಾಠ ಇದೇ: "ಮುಂದಿದ್ದೋರ ಕಣ್ಣು ಎರಡು ಜನಕ್ಕೆ ಅಂತ ತಿಳ್ಕೊಳಿ."

ಈ ಪಾಠ ನನಗೆ ಹೊಸದಾಗಿರಲಿಲ್ಲ. ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕಾಲಾಡಿಸಿಕೊಂಡು ಕೂತ ವಯಸ್ಸಿನಲ್ಲೇ ಕಲಿತದ್ದು. ರಜಕ್ಕೆ ಅಜ್ಜಿಯ ಊರಿಗೆ ಹೋಗುವಾಗ ಗುಬ್ಬಿಯವರೆಗೆ ಬಸ್ಸು, ಅಲ್ಲಿಂದ ಪರಿಚಯದವರ ಸೈಕಲ್. ಕ್ಯಾರಿಯರ್ ಮೇಲಿನ ಮಗುವಿಗೆ ಪ್ರಪಂಚ ಎಂದರೆ ಅಪ್ಪನ ಬೆನ್ನು. ಅಂಗಿಯ ಒಳಗಿಂದ ಕಾಣುವ ಬನಿಯನ್ನಿನ ಗೆರೆ, ಊರು ಹತ್ತಿರವಾದಂತೆಲ್ಲ ಅಗಲವಾಗುವ ಬೆವರಿನ ಕಲೆ. ಅಪ್ಪ ತಿರುಗದೆ "ಗುಂಡಿ!" ಎನ್ನುತ್ತಿದ್ದರು. ನಾನು ಸೀಟಿನ ಸ್ಪ್ರಿಂಗು ಹಿಡಿದು ಕುಂಡೆ ಎತ್ತುತ್ತಿದ್ದೆ. ಗುಂಡಿ ದಾಟುತ್ತಿತ್ತು. ಅವರಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಕಾಲ್ನಡಿಗೆಯಲ್ಲಿ ಹೋಗುವಾಗಲೂ, ಮದುವೆ ಛತ್ರದ ಮೆಟ್ಟಿಲಿನಲ್ಲೂ "ಗುಂಡಿ" ಎಂದುಬಿಡುತ್ತಿದ್ದರು. ಕಾಲೇಜಿಗೆ ಬಂದ ಮೇಲೆ ನನಗೆ ಇದರಿಂದ ಭಾರಿ ಅವಮಾನವಾಗುತ್ತಿತ್ತು. "ಅಪ್ಪ, ನಂಗೂ ಕಣ್ಣಿದೆ" ಎಂದು ಎಲ್ಲರೆದುರು ಸಿಡುಕಿದ್ದೇನೆ. "ಇದೆ ಕಣಮ್ಮ, ಗೊತ್ತು" ಎಂದಿದ್ದರು, ಏನೋ ತಪ್ಪು ಮಾಡಿದವರಂತೆ.

ಹುರುಳಿಯೂ ನನಗೆ ಹೊಸದಲ್ಲ. ಅಜ್ಜಿಯ ಮನೆ ಟಾರು ರಸ್ತೆಯ ಅಂಚಿಗೇ ಇತ್ತು. ಸಂಕ್ರಾಂತಿಯ ಆಸುಪಾಸಿನಲ್ಲಿ ಹೊಲದಿಂದ ಕಿತ್ತು ತಂದ ಹುರುಳಿ ಬಳ್ಳಿಯನ್ನು ಅಜ್ಜಿ ಬೆಳಿಗ್ಗೆಯೇ ಅರ್ಧ ರಸ್ತೆಗೆ ಹಾಸಿಬಿಡುತ್ತಿದ್ದಳು. ಹಿಂದೆ ಸಗಣಿ ಸಾರಿಸಿದ ಕಣದಲ್ಲಿ ಎತ್ತು ಕಟ್ಟಿ ಗುಂಡುಕಲ್ಲು ಎಳೆಸಿ ಕಾಳು ಬಿಡಿಸುತ್ತಿದ್ದರಂತೆ. ಎತ್ತು ಹೋದವು, ಕಣ ಹೋಯಿತು, ಬಸ್ಸು ಬಂತು. ಬಸ್ಸಿನ ಚಕ್ರ ಹಾಯ್ದರೆ ಒಣಗಿದ ಕಾಯಿ ಪಟಪಟ ಸಿಡಿಯುತ್ತದೆ. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಕೋಲಿನಿಂದ ಬಳ್ಳಿಯನ್ನು ಮಗುಚಿ ಹಾಕುವುದು ಮಕ್ಕಳ ಕೆಲಸ. ಮೈಯೆಲ್ಲ ನವೆ, ಕಣ್ಣಿನಲ್ಲೆಲ್ಲ ಹೊಟ್ಟು, ಆದರೂ ಅದಕ್ಕಿಂತ ದೊಡ್ಡ ಆಟ ನಮಗಿರಲಿಲ್ಲ. ಅಜ್ಜಿ ಡ್ರೈವರುಗಳನ್ನು ತುಳಿತದ ಮೇಲೆ ಅಳೆಯುತ್ತಿದ್ದಳು. "ಎಂಟ್ ಗಂಟೆ ಬಸ್ಸಿನವ್ನು ಒಳ್ಳೆ ಮನ್ಸ. ನಿದಾನುಕ್ಕೆ ತುಳೀತಾನೆ. ಆ ಹತ್ ಗಂಟೆಯವ್ನು ಬರೀ ಹಾರ್ನು." ಸೈಕಲ್ಲಿನವರು ಬಂದರೆ ಮಾತ್ರ ಜಗುಲಿಯಿಂದಲೇ ಕೂಗುತ್ತಿದ್ದಳು, "ಇಳ್ದು ನಡ್ಕೊಂಡ್ ಹೋಗಪ್ಪೋ, ಸುತ್ಕೊತದೆ!"

ರಸ್ತೆಯಲ್ಲಿ ಒಕ್ಕಣೆ ಮಾಡುವುದು ಸರಿ ಎಂದು ನಾನು ವಾದಿಸುತ್ತಿಲ್ಲ. ಸರಿಯಲ್ಲ. ಅಜ್ಜಿಯ ಹುರುಳಿಯ ಮೇಲೆ ಯಾರೂ ಬೀಳಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಅಜ್ಜಿಯ ವಿಷಯದಲ್ಲಿ ನನ್ನ ನೆನಪನ್ನು ಯಾವ ನ್ಯಾಯಾಲಯವೂ ನಂಬಬಾರದು.

ಇನ್ನು ಶಶಿಯ ವಿಷಯ. ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಒಂದು ತಂಡಕ್ಕೆ ಇಬ್ಬರು. ಒಬ್ಬರು ವಿಷಯದ ಪರ, ಒಬ್ಬರು ವಿರೋಧ. ನಾನು ಪರ, ಅವನು ವಿರೋಧ. ಅವನು ಓದುತ್ತಿದ್ದುದು ಗಣಿತ, ನಾನು ಕಾನೂನು, ಬೇರೆ ಬೇರೆ ಕಾಲೇಜು. ಒಂದು ಅಂತರಕಾಲೇಜು ಸ್ಪರ್ಧೆಯಲ್ಲಿ ಎದುರಾಳಿಗಳಾಗಿ ಸಿಕ್ಕು, ಮುಂದೆ ಜಿಲ್ಲೆಯ ತಂಡದಲ್ಲಿ ಜೋಡಿಯಾದೆವು. ಬಸ್ ಸ್ಟ್ಯಾಂಡಿನಲ್ಲಿ ವಿಷಯ ತಿಳಿದ ಕೂಡಲೇ ನಾಣ್ಯ ಹಾರಿಸಿ, ಬೇಕಾದರೆ ಪಕ್ಷ ಅದಲುಬದಲು ಮಾಡಿಕೊಂಡು, ನಂಬದ ಮಾತನ್ನೂ ಎದೆ ತಟ್ಟಿ ಹೇಳಿ ಪಾರಿತೋಷಕ ಎತ್ತಿಕೊಂಡು ಬರುತ್ತಿದ್ದೆವು. ಅವನು ಯಾವುದನ್ನು ನಿಜವಾಗಿ ನಂಬುತ್ತಾನೆ ಎಂಬುದು ಹತ್ತು ವರ್ಷವಾದರೂ ನನಗೆ ತಿಳಿದಿಲ್ಲ. ಅವನಿಗೂ ನನ್ನ ಬಗ್ಗೆ ಹಾಗೆಯೇ ಇರಬಹುದು. ಈಗ ಅವನು ಪಿಯು ಕಾಲೇಜಿನಲ್ಲಿ ಗಣಿತ ಹೇಳುತ್ತಾನೆ. ನಾನು ತುಮಕೂರಿನ ಕೋರ್ಟಿನಲ್ಲಿ ಹಿರಿಯರೊಬ್ಬರ ಕೈಕೆಳಗೆ ಅರ್ಜಿ ಬರೆಯುತ್ತೇನೆ. ಭಾನುವಾರ ಇಬ್ಬರೂ ಸೈಕಲ್ಲಿನ ಮೇಲೆ ವಾದ ಮುಂದುವರಿಸುತ್ತೇವೆ. ಮುಂದುವರಿಸುತ್ತಿದ್ದೆವು.

ಆ ಭಾನುವಾರ ಗುಬ್ಬಿಯಲ್ಲಿ ಕಾಫಿ ಹೀರುತ್ತಾ ಶಶಿ ಶುರು ಮಾಡಿದ.

"ನೀನ್ ಕೈ ತೋರ್ಸೋದ್ ನೋಡಿದ್ರೆ ನಗು ಬರುತ್ತೆ ಕಣೇ. ಕಡ್ಲೆಕಾಳಷ್ಟು ಕಲ್ಲಿಗೂ ಕೈ. ಒಳ್ಳೆ ಸರ್ಕಲ್ಲಲ್ಲಿ ನಿಂತಿರೋ ಪೊಲೀಸ್ ಥರ."

"ತೋರ್ಸಿಲ್ಲ ಅಂದ್ರೆ ಬೀಳ್ತೀಯಲ್ಲೋ."

"ಅದು ನಿನ್ನ ಪ್ರತಿಪಾದನೆ. ಪುರಾವೆ?"

"ಮೂರು ವರ್ಷದಿಂದ ನನ್ ಹಿಂದೆ ಬರ್ತಾ ಇದೀಯ, ಒಂದ್ಸಲನೂ ಬಿದ್ದಿಲ್ಲ."

"ಬೀಳ್ದೇ ಇರೋದು ನಿನ್ನ ಕೈಯಿಂದ ಅಂತ ಹೆಂಗ್ ಸಾಧಿಸ್ತೀಯ? ನನ್ ಕಣ್ಣಿಂದ ಇರ್ಬಹುದಲ್ಲ?" ಅವನು ಲೋಟ ಕೆಳಗಿಟ್ಟ. "ನಿಜ ಹೇಳ್ಲಾ? ನಿನ್ನ ಕೈ ನೋಡೋದನ್ನ ಬಿಟ್ಟು ಎಷ್ಟೋ ತಿಂಗ್ಳಾಯ್ತು."

ಸುತ್ತಲಿದ್ದವರು ನಕ್ಕರು. ಮಹೇಶಣ್ಣ, "ಲೇ ಶಶಿ, ಇವತ್ತು ಲಾಯರಮ್ಮನ ಬಾಯಿ ಕಟ್ಸಿದ್ಯಲ್ಲೋ!" ಎಂದರು. ಅವನ ಮಾತಿನಲ್ಲಿ ತರ್ಕದ ದೋಷವಿರಲಿಲ್ಲ. ಕೈ ತೋರಿಸಿದ ದಿನಗಳನ್ನಷ್ಟೇ ಇಟ್ಟುಕೊಂಡು ಕೈಯ ಮಹಿಮೆ ಸಾಧಿಸಲಾಗುವುದಿಲ್ಲ. ಕೈ ತೋರಿಸದ ದಿನವೂ ಒಂದು ಬೇಕು.

ಹೌದು, ನಾನು ಹಾಗೇ ಯೋಚಿಸಿದೆ. ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಂಡು ಹಿಂದೆ ಉಳಿಯುತ್ತಿದ್ದರು, ಇಲ್ಲವೇ ಬೈದು ಮರೆಯುತ್ತಿದ್ದರು. ನಾನು ಪ್ರಯೋಗ ಮಾಡಲು ಹೊರಟೆ. ಅವನಿಗೆ ಹೇಳಲಿಲ್ಲ. ಹೇಳಿದರೆ ಎಚ್ಚರವಾಗುತ್ತಾನೆ, ಪ್ರಯೋಗ ಕೆಡುತ್ತದೆ.

ಗುಬ್ಬಿ ಬಿಟ್ಟ ಮೇಲೆ ಉಳಿದವರು ಪಂಕ್ಚರಿಗೆ ನಿಂತರು. ನಾವಿಬ್ಬರು ಮುಂದುವರಿದೆವು. ಮೊದಲ ಗುಂಡಿ ಒಂದು ಹಳ್ಳಿಯ ಹೊರಗಿನ ಮೋರಿಯ ಹತ್ತಿರ ಬಂತು. ನಾನು ಪಕ್ಕಕ್ಕೆ ಸರಿದೆ, ಕೈ ಎತ್ತಲಿಲ್ಲ. ಹಿಂದೆ ಅವನ ಚಕ್ರದ ಸದ್ದು ನನ್ನ ಹಿಂದೆಯೇ ಸರಿದು ಬಂತು. ಎರಡನೆಯದು ಕಿತ್ತುಹೋದ ಟಾರು. ಅದೂ ದಾಟಿತು. ಮೂರನೆಯದಕ್ಕೆ ಅವನು ಶಿಳ್ಳೆ ಹಾಕುತ್ತಿದ್ದ. ಮೂರಕ್ಕೆ ಮೂರು ಅವನ ಪಾಲು. ಆ ಸಿಟ್ಟನ್ನು ಪೆಡಲಿನ ಮೇಲೆ ಹಾಕಿ ಇನ್ನೂ ಜೋರಾಗಿ ತುಳಿದೆ.

ಆಮೇಲೆ ಇಳಿಜಾರು. ಎರಡೂ ಬದಿಗೆ ಹೊಂಗೆ ಮರ. ಇಳಿಜಾರಿನ ಬುಡದಲ್ಲಿ ಎಡಕ್ಕೆ, ಅರ್ಧ ರಸ್ತೆಗೆ, ಕಂದು ಬಣ್ಣದ ಹಾಸು. ನೋಡಿದ ಕೂಡಲೇ ಗೊತ್ತಾಯಿತು. ಅಜ್ಜಿಯ ಮೊಮ್ಮಗಳಿಗೆ ಗೊತ್ತಾಗದೆ ಇರುತ್ತದೆಯೇ? ಕೈ ಎತ್ತಬೇಕು ಎನ್ನಿಸಿತು. ಎತ್ತಿದರೆ ಸೋತಂತೆ ಎಂದೂ ಅನ್ನಿಸಿತು. ಇವೆರಡರಲ್ಲಿ ಯಾವುದು ಮೊದಲು ಬಂತು ಎಂದು ಎಷ್ಟೋ ಸಲ ನನ್ನನ್ನೇ ಪಾಟೀಸವಾಲಿಗೆ ಒಡ್ಡಿದ್ದೇನೆ, ಉತ್ತರ ಸಿಕ್ಕಿಲ್ಲ. ನಾನು ಬಲಕ್ಕೆ ವಾಲಿ ಕಲ್ಲಿನ ಸಾಲಿನ ಪಕ್ಕದಲ್ಲಿ ದಾಟಿದೆ. ಎರಡೂ ಕೈ ಹ್ಯಾಂಡಲ್ ಮೇಲೇ ಇದ್ದವು.

ಹಿಂದೆ ಶಿಳ್ಳೆ ನಿಂತಿತು. ಅಷ್ಟು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಸದ್ದು ಅದಾದ ಮೇಲೆ ಬಂತು.

ಅವನ ಬಲ ಮೊಣಕೈ ಹೇಗೋ ಮಡಚಬಾರದ ಕಡೆಗೆ ಮಡಚಿತ್ತು. ನಾನು ಏನೇನು ಮಾಡಿದೆನೋ ತಿಳಿಯದು. ಫೋನಿಗೆ ಸಿಗ್ನಲ್ ಇರಲಿಲ್ಲ. ಎಲ್ಲಿಂದಲೋ ಒಂದು ಲಗೇಜ್ ಆಟೋ ಬಂತು. ಖಾಲಿ ತರಕಾರಿ ಕ್ರೇಟುಗಳ ನಡುವೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಣಿಗಲ್ ಆಸ್ಪತ್ರೆ ಸೇರಿದೆ. "ಮೇಡಂ, ನಿಮ್ ಹೆಲ್ಮೆಟ್ ತೆಗೀಬಹುದು" ಎಂದು ನರ್ಸ್ ಹೇಳಿದಾಗಲೇ ಅದು ಇನ್ನೂ ತಲೆಯ ಮೇಲಿರುವುದು ತಿಳಿದದ್ದು.

ಅಲ್ಲಿಂದ ಫೋನ್ ಮಾಡಿದ ಮೇಲೆ ಮಹೇಶಣ್ಣ ಓಡಿಬಂದರು. "ಏನಾಯ್ತಮ್ಮ? ಹೆಂಗ್ ಬಿದ್ದ?"

"ಹುರುಳಿ" ಎಂದೆ.

ಒಂದೇ ಪದ. ಸುಳ್ಳಲ್ಲ. ಒಂದೂ ಸುಳ್ಳು ಹೇಳದೆ ಬೇಕಾದ ಕಡೆಗೆ ಜನರನ್ನು ನಡೆಸುವುದು ಹೇಗೆಂದು ನನಗೆ ಪಾರಿತೋಷಕ ಕೊಟ್ಟು ಕಲಿಸಿದ್ದರು. ಉಳಿದದ್ದನ್ನೆಲ್ಲ ಮಹೇಶಣ್ಣನೇ ತುಂಬಿಕೊಂಡರು. ಶಶಿಗೆ ಬಿದ್ದ ಹೊತ್ತಿನದು ಏನೂ ನೆನಪಿರಲಿಲ್ಲ. ಎಲ್ಲರೂ ಹೇಳಿದ್ದನ್ನೇ ಅವನೂ ಹೇಳತೊಡಗಿದ.

ವಾರ ಕಳೆಯುವುದರೊಳಗೆ ಗುಂಪಿನಲ್ಲಿ ತೀರ್ಮಾನವಾಯಿತು. ಪೊಲೀಸರಿಗೆ ದೂರು ಕೊಡಬೇಕು, ಇಲ್ಲದಿದ್ದರೆ ಇವರು ಬುದ್ಧಿ ಕಲಿಯುವುದಿಲ್ಲ. ದೂರಿಗೆ ಶಶಿಯ ಸಹಿ, ಪ್ರತ್ಯಕ್ಷ ಸಾಕ್ಷಿ ನಾನು, ಬರೆದುಕೊಡುವವಳೂ ನಾನೇ. "ನಮ್ ಲಾಯರಮ್ಮ ಇರೋವಾಗ ಬೇರೆಯೋರ್ ಯಾಕೆ?" ಎಂದರು ಮಹೇಶಣ್ಣ. ಬರೆದೆ. ಚೆನ್ನಾಗಿ ಬರೆದೆ, ಅದೇ ಕೇಡು. "ಸಾರ್ವಜನಿಕ ರಸ್ತೆಯನ್ನು ಖಾಸಗಿ ಕಣವನ್ನಾಗಿ ಬಳಸಿ, ಹಿಂದಿನಿಂದ ಬರುತ್ತಿದ್ದ ಸವಾರನಿಗೆ ಯಾವುದೇ ಮುನ್ನೆಚ್ಚರಿಕೆ ನೀಡದೆ..." ಎಂದು ಆ ವಾಕ್ಯ ಸಾಗುತ್ತದೆ. ಬರೆಯುವಾಗ ಪೆನ್ನು ತಡೆಯಲಿಲ್ಲ. ಟೈಪ್ ಆಗಿ ಬಂದ ಮೇಲೆ ಓದಿದೆ. ಸವಾರನಿಗೆ ಯಾವುದೇ ಮುನ್ನೆಚ್ಚರಿಕೆ ನೀಡದೆ. ಆ ವಾಕ್ಯಕ್ಕೆ ಕರ್ತೃ ಯಾರು?

ಹುರುಳಿ ಹಾಸಿದ್ದವರು ಜಯಮ್ಮ ಎಂಬ ಹೆಂಗಸು ಎಂದು ತಿಳಿಯಿತು. ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಪೊಲೀಸರು ಒಂದು ಸಲ ಕರೆಸಿ ವಿಚಾರಿಸಿದ್ದರು. ಇನ್ನು ನನ್ನ ಹೇಳಿಕೆ ಬರೆದುಕೊಂಡರೆ ಕೇಸು ಮುಂದಕ್ಕೆ ಹೋಗುತ್ತದೆ ಎಂಬ ಹಂತ. ಬರುವ ಬುಧವಾರ ಬನ್ನಿ ಎಂದು ನನಗೆ ಫೋನ್ ಬಂತು.

ಅದಕ್ಕೆ ಮುಂಚಿನ ಭಾನುವಾರ ಸೈಕಲ್ ಬಿಟ್ಟು ಸ್ಕೂಟರಿನಲ್ಲಿ, ಚೂಡಿದಾರ್ ತೊಟ್ಟು, ಒಬ್ಬಳೇ ಆ ಊರಿಗೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಪಶ್ಚಾತ್ತಾಪ ಎಂದು ಹೇಳಲು ಚೆನ್ನಾಗಿರುತ್ತದೆ. ನಿಜವೆಂದರೆ, ಆಕೆಯದೂ ಏನಾದರೂ ತಪ್ಪು ಸಿಕ್ಕೀತು ಎಂಬ ಆಸೆಯಿತ್ತು.

ಜಯಮ್ಮ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದರು. ಐವತ್ತರ ಹತ್ತಿರದ, ಗಟ್ಟಿ ದನಿಯ ಹೆಂಗಸು.

"ಬಾರವ್ವ. ಯಾವೂರಾಯ್ತು?"

"ತುಮಕೂರು. ಆ ಸೈಕಲ್ ಬಿದ್ದಿದ್ದರ ಬಗ್ಗೆ ಕೇಳೋಣ ಅಂತ ಬಂದೆ."

"ಪೇಪ್ರೋರಾ?"

"ಅಲ್ಲ."

ಮತ್ತೆ ಯಾರು ಎಂದು ಅವರು ಕೇಳಲಿಲ್ಲ. ಮೊರ ಕೆಳಗಿಟ್ಟರು. "ಏನ್ ಯೇಳ್ಲಿ ಬುಡವ್ವ. ಅವತ್ತಿಂದ ಅನ್ನ ಸೇರ್ತಿಲ್ಲ. ಕೇಸಾದ್ರೆ ಇಸ್ಕೂಲಿಂದ ತೆಗ್ದಾಕ್ತಾರೆ ಅಂತಾವ್ರೆ. ಹದ್ನಾಕು ವರ್ಸದಿಂದ ಬೇಯ್ಸಾಕ್ತಾ ಇವ್ನಿ. ಆ ಮಕ್ಳು ನನ್ನ 'ಸಾಂಬಾರಮ್ಮ' ಅಂತವೆ." ಸ್ವಲ್ಪ ನಕ್ಕರು, ಆಮೇಲೆ ನಗು ಅಲ್ಲೇ ನಿಂತಿತು. "ಹಾಸಿದ್ದು ತಪ್ಪೇಯ. ಇಲ್ಲ ಅನ್ನಕ್ಕಿಲ್ಲ. ಇನ್ಮೇಲ್ ಹಾಸಕ್ಕಿಲ್ಲ ಅಂತ ಸ್ಟೇಸನ್ನಲ್ಲೂ ಯೇಳಿ ಬಂದೆ. ಆದ್ರೆ ಏನೂ ಯೇಳ್ದಂಗೆ ಬೀಳ್ಸಿದ್ಲು ಅಂತ ಬರ್ದವ್ರಂತಲ್ಲ, ಅದು ಮಾತ್ರ ನಂಗೆ ಉರೀತದೆ."

"ಕೂಗಿದ್ರಾ ನೀವು?"

"ಅದ್ನೇ ಯೇಳ್ತೀನಿ ಕೇಳು. ಆ ಹೊಂಗೆ ಮರದ್ ಬುಡದಲ್ಲಿ ಕುಂತಿದ್ದೆ. ಇಬ್ರು ಬಂದ್ರು, ಜೋರಾಗ್ ಬತ್ತಾವ್ರೆ. ಕೂಗುವಾ ಅಂತ ಬಾಯ್ ತೆಗ್ದೆ ಕಣವ್ವ. ಅಷ್ಟ್ರಾಗೆ ಮುಂದಿದ್ದ ಹುಡ್ಗ ನೋಡ್ದ. ನೋಡಿ ನೀಟಾಗಿ ಪಕ್ಕುಕ್ಕೆ ಹೋದ. ಸರಿ, ಅವ್ರಿಗೆ ಗೊತ್ತಾಯ್ತಲ್ಲ ಅಂತ ಸುಮ್ಕಾದೆ. ಇಲ್ದಿದ್ರೆ ಕೂಗ್ತಿದ್ದೆ. ದಿನಾ ಕೂಗ್ತೀನಿ. ನನ್ ಬಾಯಿ ಎಂಥದು ಅಂತ ಊರೆಲ್ಲಾ ಗೊತ್ತು."

ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದರು.

"ಬಿದ್ದಿದ್ದೇ ತಡ, ಓಡೋಗಿ ನಮ್ ಭಾವನ ಮಗನ್ನ ಎಬ್ಬಿಸಿ ಆಟೋ ಕಳ್ಸಿದೆ. ನಾನ್ ನೀರ್ ತಗೊಂಡ್ ಬರೋ ಹೊತ್ಗೆ ಹೊಂಟೋಗಿದ್ರು." ಅವರು ನನ್ನನ್ನೇ ನೋಡಿ ಕೇಳಿದರು, "ಎಲ್ರೂ ನನ್ನೇ ಕೇಳ್ತಾರಲ್ಲವ್ವ, ಆ ಮುಂದಿದ್ದ ಹುಡ್ಗನ್ನ ಯಾರೂ ಏನೂ ಕೇಳ್ನಿಲ್ವಾ? ಹಿಂದಿರೋನ್ಗೆ ಒಂದ್ ಮಾತು ಯೇಳ್ಬಾರ್ದಿತ್ತಾ?"

ಅಲ್ಲಿಯವರೆಗೆ ನನ್ನ ಲೆಕ್ಕದಲ್ಲಿ ನಾನು ಮಾಡಿದ್ದು ಒಂದು ತಪ್ಪು: ಕೈ ಎತ್ತದೆ ಹೋದದ್ದು. ಈಗ ತಿಳಿಯಿತು. ನಾನು ನೀಟಾಗಿ ಪಕ್ಕಕ್ಕೆ ಸರಿದದ್ದೇ ಈ ಹೆಂಗಸಿನ ತೆರೆದ ಬಾಯನ್ನೂ ಮುಚ್ಚಿಸಿತ್ತು. ನನ್ನ ಕೈ ಇಲ್ಲದಿದ್ದರೂ ಅವನಿಗೆ ಸಿಗಬಹುದಾಗಿದ್ದ ಇನ್ನೊಂದು ಎಚ್ಚರಿಕೆ ಇತ್ತು. ಅದನ್ನೂ 'ಬೇಡ' ಎಂದು ತಡೆದವಳು ನಾನು.

"ಅದು ಹುಡುಗ ಅಲ್ಲಮ್ಮ" ಎಂದೆ. "ನಾನೇ."

ಜಯಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಆ ಚಡ್ಡಿ, ಟೋಪಿ?"

"ಹೂಂ."

"ಮತ್ತೆ ಅರ್ಜಿ ಬರ್ದೋರು?"

"ಅದೂ ನಾನೇ."

"ಎರ್ಡೂ ನೀನೇಯಾ?"

ಅವರು ಬೈದಿದ್ದರೆ ನನಗೆ ಎದುರುತ್ತರ ಹುಡುಕುವ ಅಭ್ಯಾಸವಾದರೂ ಕೆಲಸಕ್ಕೆ ಬರುತ್ತಿತ್ತು. ಬೈಯಲಿಲ್ಲ. ಇವತ್ತು ಎಷ್ಟು ಮಕ್ಕಳಿಗೆ ಅಕ್ಕಿ ಹಾಕಬೇಕು ಎಂದು ಖಚಿತ ಮಾಡಿಕೊಳ್ಳುವವರ ದನಿಯಲ್ಲಿ ಕೇಳಿದ್ದರು. ಆಮೇಲೆ ಮೊರ ಎತ್ತಿಕೊಂಡು ಕೇರತೊಡಗಿದರು. ಮುಖ ಎತ್ತದೆ, "ಆ ಹುಡ್ಗುನ್ ಕೈ ಹೆಂಗದೆ ಈಗ?" ಎಂದರು.

ಸೋಮವಾರ ಎರಡು ಹಾಳೆ ಬರೆದೆ. ಒಂದು, ದೂರು ಮುಂದುವರಿಸುವುದು ಬೇಡವೆಂಬ ಶಶಿಯ ಮನವಿ. ಇನ್ನೊಂದು, ಬುಧವಾರ ಕೊಡಬೇಕಾದ ನನ್ನ ಹೇಳಿಕೆ. ಅದನ್ನು ಬರೆಯಲು ಇಡೀ ಮಧ್ಯಾಹ್ನ ಹಿಡಿಯಿತು. "ಮುಂದಿದ್ದ ಸವಾರಳಾದ ನಾನು ಹುರುಳಿಯನ್ನು ನೋಡಿದ್ದೆನು. ಉದ್ದೇಶಪೂರ್ವಕವಾಗಿ ಕೈ ಸನ್ನೆ ಮಾಡಲಿಲ್ಲ." ಇಷ್ಟೇ. ಮೊದಲ ಕರಡಿನಲ್ಲಿ ಗುಬ್ಬಿಯ ಕಾಫಿ, ಅವನ ಮಾತು, ಪ್ರಯೋಗ ಎಲ್ಲ ಇದ್ದವು. ಒಂದೊಂದಾಗಿ ಹೊಡೆದು ಹಾಕಿದೆ. ಇದ್ದಷ್ಟೂ ಅದು ಹೇಳಿಕೆಯಾಗದೆ ವಾದವಾಗುತ್ತಿತ್ತು.

ಮಂಗಳವಾರ ಕೊನೆಯ ಪೀರಿಯಡ್ ಮುಗಿಯುವ ಹೊತ್ತಿಗೆ ಶಶಿಯ ಕಾಲೇಜಿಗೆ ಹೋದೆ. ಪಟ್ಟಿ ಬಿಚ್ಚಿ ಹತ್ತು ದಿನವಾಗಿತ್ತು. ಮೊಣಕೈ ಇನ್ನು ಪೂರ್ತಿ ಚಾಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಸೈಕಲ್ಲಿನ ಬಗ್ಗೆ ಅವನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕಿಟಕಿಯಿಂದ ನೋಡಿದೆ. ಬೋರ್ಡಿನ ಮೇಲಿನ ಅರ್ಧ ಖಾಲಿ. ಕೆಳಗಿನ ಅರ್ಧದಲ್ಲಿ ಲೆಕ್ಕವನ್ನೆಲ್ಲ ಒತ್ತೊತ್ತಾಗಿ ಬರೆದಿದ್ದ. ಹಿಂದಿನ ಬೆಂಚಿನ ಹುಡುಗಿಯರು ಎದ್ದು ನಿಂತು ಬರೆದುಕೊಳ್ಳುತ್ತಿದ್ದರು.

ಮಕ್ಕಳು ಹೋದ ಮೇಲೆ ಒಳಗೆ ಹೋದೆ. "ಏನೇ, ಕೋರ್ಟಿಗೆ ಚಕ್ಕರ್ರಾ?" ಎಂದ. ನಾನು ಮುಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮೂರು ಗುಂಡಿ, ಇಳಿಜಾರು, ಹ್ಯಾಂಡಲ್ ಮೇಲಿದ್ದ ಎರಡು ಕೈ, ಆಸ್ಪತ್ರೆಯಲ್ಲಿ ಹೇಳಿದ ಒಂದು ಪದ, ಜಯಮ್ಮ. ಅವನು ನಡುವೆ ಒಂದು ಸಲವೂ ಆಕ್ಷೇಪ ಎತ್ತಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು. ಹತ್ತು ವರ್ಷದಲ್ಲಿ ಅವನು ನನ್ನ ಮಾತನ್ನು ಹೀಗೆ ಕೊನೆಯವರೆಗೆ ಕೇಳಿದ್ದೇ ಇಲ್ಲ.

ಹಾಳೆಗಳನ್ನು ಮುಂದಿಟ್ಟೆ. ಎರಡನ್ನೂ ಓದಿದ. ನನ್ನ ಹೇಳಿಕೆಯನ್ನು ಎರಡು ಸಲ.

"ಆ ಅಡುಗೆಯಮ್ಮನ ಕೆಲಸ ಉಳಿಯುತ್ತಾ ಇದರಿಂದ?"

"ನೀನು ಸಹಿ ಹಾಕಿದ್ರೆ ಉಳಿಯುತ್ತೆ."

"ಪೆನ್ ಕೊಡು."

ಸಹಿ ಹಾಕಿದ. ಕೈಯನ್ನು ಮೈಗೆ ಒತ್ತಿ, ಹಾಳೆಯನ್ನೇ ಕೈಯ ಹತ್ತಿರಕ್ಕೆ ಎಳೆದುಕೊಂಡು. ಪೆನ್ನನ್ನು ಕ್ಯಾಪ್ ಹಾಕಿ ವಾಪಸ್ ಕೊಟ್ಟ. ಡಸ್ಟರ್ ತೆಗೆದುಕೊಂಡು, ನನಗೆ ಬೆನ್ನು ಮಾಡಿ, ಬೋರ್ಡಿನ ಕೆಳಗಿನ ಅರ್ಧವನ್ನು ಒರೆಸತೊಡಗಿದ.

ನಾನು ಹೊರಟುಬಿಡಬೇಕಿತ್ತು. ಕೇಳಬಾರದು ಎಂದು ದಾರಿಯುದ್ದಕ್ಕೂ ನಿರ್ಧರಿಸಿಕೊಂಡು ಬಂದಿದ್ದೆ. ಕೇಳಿದರೆ ನನ್ನ ತಪ್ಪಿನಲ್ಲಿ ನೀನೂ ಪಾಲು ತಗೋ ಎಂದು ಅವನಿಗೆ ಹೇಳಿದಂತಾಗುತ್ತದೆ. ಆದರೆ ಉತ್ತರ ಗೊತ್ತಿರುವುದು ಜಗತ್ತಿನಲ್ಲಿ ಅವನೊಬ್ಬನಿಗೇ. ಹೇಳಿಕೆಯಿಂದ ನಾನು ಹೊಡೆದು ಹಾಕಿದ ಆ ಸಾಲು ಬಾಗಿಲಿನ ಹತ್ತಿರ ಬಾಯಿಗೆ ಬಂದುಬಿಟ್ಟಿತು.

"ಶಶಿ, ಅವತ್ತು ಗುಬ್ಬೀಲಿ ಹೇಳಿದ್ಯಲ್ಲ, ನನ್ನ ಕೈ ನೋಡೋದು ಬಿಟ್ಟು ತಿಂಗಳುಗಳಾಯ್ತು ಅಂತ. ಅದು ನಿಜವಾ, ಇಲ್ಲ ವಾದಕ್ಕೆ ಹೇಳಿದ್ದಾ?"